ತಲೆ ಬಂತು, ಭುಜ ಬರಲಿಲ್ಲ. ಇಬ್ಬರೇ ಇದ್ದಾಗ ಏನು ಮಾಡಬೇಕಿತ್ತು?

ರಾತ್ರಿಪಾಳಿ_ಅಕ್ಕ:
ನಾನು ಸ್ಟಾಫ್ ನರ್ಸ್. ಕೆಲಸಕ್ಕೆ ಸೇರಿ ಮೂರು ವರ್ಷ. ದಾವಣಗೆರೆ ಜಿಲ್ಲೆಯ ಒಂದು ಸಣ್ಣ ಸರ್ಕಾರಿ ಆಸ್ಪತ್ರೆ, ಊರು ಹೇಳಲ್ಲ. ಹೇಳಿದರೆ ನಾಳೆ ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ನನ್ನದೇ ಸುದ್ದಿ.

ಹೋದ ವಾರ ರಾತ್ರಿ ಡ್ಯೂಟಿ. ನಾನು, ಒಬ್ಬ ಆಯಾ, ಅಷ್ಟೇ. ಬಂದವಳಿಗೆ ಎರಡನೇ ಹೆರಿಗೆ. ಮೊದಲನೆಯದು ನಾರ್ಮಲ್, 2.9 ಕೆಜಿ. ತಾಯಿ ಕಾರ್ಡ್ ನೋಡಿದೆ, ಎಲ್ಲ ಸರಿ ಇದೆ ಅನ್ನಿಸಿತು. ನೋವು ಚೆನ್ನಾಗಿ ಬರುತ್ತಿತ್ತು. ತಲೆ ಬಂತು. ಬಂದ ತಲೆ ಮತ್ತೆ ಒಳಕ್ಕೆ ಸರಿಯಿತು. ಕೆನ್ನೆ ಎರಡೂ ಉಬ್ಬಿ ಚರ್ಮಕ್ಕೆ ಒತ್ತಿಕೊಂಡಿವೆ, ಗದ್ದ ಕಾಣುತ್ತಿಲ್ಲ. ಮುಕ್ಕು ಮುಕ್ಕು ಅಂದೆ, ಅವಳು ಮುಕ್ಕಿದಳು, ಏನೂ ಆಗಲಿಲ್ಲ. ತಲೆ ಹಿಡಿದು ಕೆಳಕ್ಕೆ ಎಳೆದೆ. ಆಯಾ ಸ್ಟೂಲ್ ಹತ್ತಿ ಹೊಟ್ಟೆ ಮೇಲಿನಿಂದ ಮೊಣಕೈ ಕೊಟ್ಟು ಒತ್ತಿದಳು. ಬಾಗಿಲ ಹೊರಗೆ ಅತ್ತೆ ಕೂಗುತ್ತಿದ್ದಾರೆ. ಮಗುವಿನ ಮುಖ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗುತ್ತಿತ್ತು.

ಆಮೇಲೆ ಟ್ರೈನಿಂಗ್‌ನಲ್ಲಿ ಹೇಳಿದ್ದು ಒಂದೇ ಒಂದು ನೆನಪಾಯಿತು: ಕಾಲು. ಆಯಾನ ಕೆಳಗಿಳಿಸಿ, ಇಬ್ಬರೂ ಒಂದೊಂದು ಕಾಲು ಹಿಡಿದು ಹೊಟ್ಟೆ ಮೇಲಕ್ಕೆ ಮಡಚಿದೆವು. ಮುಂದಿನ ನೋವಿಗೆ ಭುಜ ಬಂತು. ಮಗು ಅಳಲಿಲ್ಲ. ಉಸಿರು ಕೊಡುವ ಬ್ಯಾಗ್ ಮಾಸ್ಕ್ ಹಾಕಿದ ಮೇಲೆ ಅತ್ತಿತು. 3.6 ಕೆಜಿ. ಬಲಗೈ ಎತ್ತುತ್ತಿಲ್ಲ. ಡಾಕ್ಟರ್ ಬಂದು ನೋಡಿ, 108ರಲ್ಲಿ ದಾವಣಗೆರೆಗೆ ಕಳಿಸಿದೆವು.

ಎಷ್ಟು ನಿಮಿಷ ಆಯಿತು ಅಂತ ಡಾಕ್ಟರ್ ಕೇಳಿದರು. ನನಗೆ ಗೊತ್ತಿಲ್ಲ. ಗೋಡೆ ಗಡಿಯಾರ ಯಾವತ್ತೋ ನಿಂತಿತ್ತು.

ಕೇಳಬೇಕಾದ್ದು ಮೂರು. ನಾನು ಎಳೆದದ್ದಕ್ಕೇ ಕೈ ಹೋಯಿತಾ? ಇಬ್ಬರೇ ಇದ್ದಾಗ ಯಾವುದು ಮೊದಲು, ಯಾವುದು ಆಮೇಲೆ? ಆ ಮನೆಯವರಿಗೆ ಏನಂತ ಹೇಳಲಿ?

ಬೆಣ್ಣೆದೋಸೆ_ಬಸಣ್ಣ:
ಅಕ್ಕಾ, ಅರ್ಧ ಓದುವಷ್ಟರಲ್ಲಿ ನನಗೇ ಬೆವರು. ಗಂಡಸರು ಇದನ್ನೆಲ್ಲ ಓದಬಹುದಾ?

ನಿವೃತ್ತ_ಸಿಸ್ಟರ್:
ಓದಲೇಬೇಕು ಬಸಣ್ಣ. ಹೊರಗೆ ನಿಂತು ಬಾಗಿಲು ಬಡಿಯೋರು ನೀವೇ ತಾನೆ.

ತಂಗಿ, ಮೊದಲು ಒಂದು ಲೋಟ ನೀರು ಕುಡಿ. 34 ವರ್ಷ ಲೇಬರ್ ವಾರ್ಡ್‌ನಲ್ಲಿದ್ದೆ. ಇಂಥದ್ದು ಬಂದ ರಾತ್ರಿ ನಾನೂ ಮನೆಗೆ ಹೋಗಿ ಊಟ ಮಾಡಿದ್ದಿಲ್ಲ. ಇದಕ್ಕೆ ಶೋಲ್ಡರ್ ಡಿಸ್ಟೋಸಿಯಾ ಅನ್ನುತ್ತಾರೆ. ತಲೆ ಬಂದು ಒಳಕ್ಕೆ ಸರಿಯುವುದಕ್ಕೆ ಆಮೆ ಗುರುತು ಅಂತಲೇ ಹೆಸರು. ಮಗುವಿನ ಮುಂದಿನ ಭುಜ ತಾಯಿಯ ಸೊಂಟದ ಮುಂಭಾಗದ ಮೂಳೆಯ ಹಿಂದೆ ಸಿಕ್ಕಿಕೊಂಡಿರುತ್ತದೆ. ಮೂಳೆಗೆ ಮೂಳೆ ತಾಗಿದೆ. ಎಳೆದರೆ ಏನಾಗುತ್ತೆ? ಬೀರು ಬಾಗಿಲಲ್ಲಿ ಅಡ್ಡ ಸಿಕ್ಕಿಕೊಂಡಾಗ ನೀನು ಎಳೆಯುತ್ತೀಯಾ, ತಿರುಗಿಸುತ್ತೀಯಾ? ತಿರುಗಿಸುತ್ತೀಯ. ಇಲ್ಲೂ ಅಷ್ಟೇ.

ಮೇಲಿನಿಂದ ಒತ್ತುವುದು ಅದಕ್ಕಿಂತ ಕೆಟ್ಟದ್ದು. ಸಿಕ್ಕಿಕೊಂಡ ಭುಜವನ್ನು ಮೂಳೆ ಮೇಲೆ ಇನ್ನೂ ಗಟ್ಟಿಯಾಗಿ ಕೂರಿಸುತ್ತದೆ. ಗರ್ಭಕೋಶವೇ ಹರಿಯುವ ಅಪಾಯ ಇದೆ. ನಿಮ್ಮ ಆಯಾನ ಬೈಯಬೇಡ. ನಮ್ಮ ಕಾಲದಲ್ಲಿ ಎಲ್ಲರೂ ಹಾಗೇ ಒತ್ತುತ್ತಿದ್ದರು, ನಾನೂ ಒತ್ತಿದ್ದೇನೆ. ಆದರೆ ಇನ್ನು ಮುಂದೆ ಆ ಸ್ಟೂಲನ್ನು ಲೇಬರ್ ರೂಮಿನಿಂದ ಹೊರಗೆ ಹಾಕು.

ನೀನು ಕಾಲು ಮಡಚಿದ್ದು ಸರಿ. ಅದೇ ಮೊದಲ ಮದ್ದು. ಎಪಿಸಿಯಾಟಮಿ, ಅಂದರೆ ಹೆರಿಗೆ ದಾರಿ ಅಗಲ ಆಗಲಿ ಅಂತ ಚರ್ಮಕ್ಕೆ ಹಾಕುವ ಕತ್ತರಿ, ಕೊಟ್ಟಿದ್ದೆಯಾ? ಇಂಥ ಕೇಸಲ್ಲಿ ದೊಡ್ಡದಾಗಿ ಕೊಡಬೇಕು.

ಕೋಟೆನಾಡಿನವ:
ಇಷ್ಟೆಲ್ಲ ತಲೆನೋವು ಯಾಕೆ? ಸಿಸೇರಿಯನ್ ಮಾಡಿದ್ದರೆ ಮುಗೀತಿತ್ತು. ಸರ್ಕಾರಿ ಆಸ್ಪತ್ರೆಗಳಲ್ಲಿ ನಾರ್ಮಲ್ ನಾರ್ಮಲ್ ಅಂತ ಹಟ ಮಾಡಿ ಕೂಸುಗಳ ಕೈ ಮುರೀತಾರೆ.

ಹೆರಿಗೆ_ಡಾಕ್ಟರಮ್ಮ:
@ಕೋಟೆನಾಡಿನವ, ತಲೆ ಹೊರಗೆ ಬಂದ ಮೇಲೆ ಸಿಸೇರಿಯನ್ ಎಲ್ಲಿಂದ ಮಾಡೋದು ಸರ್? ಮೊದಲೇ ಮಾಡಬೇಕಿತ್ತು ಅಂತೀರಾ. ಯಾರಿಗೆ ಅಂತ ಮಾಡೋದು? ಯಾರ ಭುಜ ಸಿಕ್ಕಿಕೊಳ್ಳುತ್ತದೆ ಅಂತ ಹಣೆ ಮೇಲೆ ಬರೆದಿರಲ್ಲ. ನಾರ್ಮಲ್ ಹೆರಿಗೆ 1000 ಆದರೆ ಅದರಲ್ಲಿ ಆರೇಳು ಹೀಗಾಗುತ್ತವೆ. ಅದರಲ್ಲೂ ಹೆಚ್ಚುಕಮ್ಮಿ ಅರ್ಧ ಮಕ್ಕಳು 4 ಕೆಜಿಗಿಂತ ಕಡಿಮೆ ತೂಕದವು. ಈ ಮಗು 3.6, ನೋಡಿ. ಸ್ಕ್ಯಾನ್‌ನಲ್ಲಿ ತೂಕ ಹೇಳುತ್ತಾರಲ್ಲ, ಅದು ಶೇಕಡಾ 10ರಿಂದ 15 ಆಚೆ ಈಚೆ ಆಗುವುದು ಮಾಮೂಲು. ಅಮೆರಿಕದಲ್ಲಿ 1996ರಲ್ಲಿ ಲೆಕ್ಕ ಹಾಕಿದ್ದರು. ಸಕ್ಕರೆ ಕಾಯಿಲೆ ಇಲ್ಲದ ತಾಯಂದಿರಲ್ಲಿ, ಮಗು ನಾಲ್ಕೂವರೆ ಕೆಜಿ ದಾಟಿದೆ ಅಂತ ಸ್ಕ್ಯಾನ್ ಹೇಳಿದ ಕೂಡಲೇ ಸಿಸೇರಿಯನ್ ಮಾಡುತ್ತಾ ಹೋದರೆ, ಒಂದು ಮಗುವಿನ ಕೈ ಶಾಶ್ವತವಾಗಿ ಹಾಳಾಗುವುದನ್ನು ತಪ್ಪಿಸಲು 3,695 ಆಪರೇಷನ್ ಬೇಕು. ಶುಗರ್ ಇದ್ದವರಲ್ಲಿ ಇದು 443ಕ್ಕೆ ಇಳಿಯುತ್ತದೆ. ಅದಕ್ಕೇ ಶುಗರ್ ಇದ್ದು ಮಗು ದಪ್ಪ ಇದ್ದರೆ ನಾವು ಬೇರೆ ಥರ ಯೋಚಿಸುತ್ತೇವೆ, ಉಳಿದವರಿಗೆ ಬೇರೆ ಥರ.

@ನಿವೃತ್ತ_ಸಿಸ್ಟರ್, ಅಮ್ಮಾ, ಬೀರು ಉಪಮೆ ಕದೀತೀನಿ, ನಾಳೆ ಕ್ಲಾಸಲ್ಲಿ ಹೇಳಬೇಕು. ಆದರೆ ಎಪಿಸಿಯಾಟಮಿ ವಿಷಯ ಒಪ್ಪಲ್ಲ. ಸಿಕ್ಕಿಕೊಂಡಿರುವುದು ಮೂಳೆ, ಚರ್ಮ ಕತ್ತರಿಸಿದರೆ ಮೂಳೆ ಬಿಡಲ್ಲ. ಒಳಗೆ ಕೈ ಹಾಕಲು ಜಾಗ ಸಾಲದಿದ್ದರೆ ಮಾತ್ರ ಕೊಡಬೇಕು.

ನಿವೃತ್ತ_ಸಿಸ್ಟರ್:
ನಮಗೆ ಕಲಿಸಿದ್ದು ಹಾಗೆ ಡಾಕ್ಟ್ರೇ. ಆದರೆ ನೀವು ಹೇಳಿದ್ದು ಕೇಳಿದ ಮೇಲೆ, ಎಷ್ಟು ಜನಕ್ಕೆ ಸುಮ್ನೆ ಕತ್ತರಿ ಹಾಕಿದೆನೋ ಅಂತ ಲೆಕ್ಕ ಹಾಕ್ತಿದ್ದೀನಿ. ಒಪ್ಪಿದೆ.

ಎಡಗೈ_ಅಪ್ಪ:
ನಾನು ಚಿತ್ರದುರ್ಗದವನು. ನನ್ನ ಮಗಳಿಗೆ ಈಗ ಆರು ವರ್ಷ. ಎಡಗೈ ಭುಜಕ್ಕಿಂತ ಮೇಲೆ ಏಳಲ್ಲ. ಜಡೆ ಹಾಕಿಕೊಳ್ಳಲು ಕೈ ಹಿಂದಕ್ಕೆ ಹೋಗಲ್ಲ. ಸ್ಕೂಲಲ್ಲಿ ಬೇರೆ ಮಕ್ಕಳು ಎರಡೂ ಕೈ ಎತ್ತಿ ಕುಣಿದರೆ ಇವಳು ಬಲಗೈಯಿಂದ ಎಡಗೈ ಹಿಡಿದು ಎತ್ತುತ್ತಾಳೆ.

ಇಲ್ಲಿ ನೀವೆಲ್ಲ ನರ್ಸಮ್ಮನಿಗೆ ಸಮಾಧಾನ ಹೇಳುತ್ತಿದ್ದೀರಿ. ಹೇಳಿ. ಆದರೆ ನನ್ನ ಹೆಂಡತಿಗೆ ಆ ದಿನ ಯಾರೂ ಒಂದು ಮಾತು ಹೇಳಲಿಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ "ನಾರ್ಮಲ್ ಹೆರಿಗೆ, ತಾಯಿ ಮಗು ಆರೋಗ್ಯ" ಅಂತ ಬರೆದು ಕಳಿಸಿದರು. ಕೈ ಯಾಕೆ ಆಡ್ತಿಲ್ಲ ಅಂದರೆ "ಎಣ್ಣೆ ಹಚ್ಚಿ, ಸರಿ ಹೋಗುತ್ತೆ". ನಮ್ಮಮ್ಮ ದಿನಾ ಎಣ್ಣೆ ಹಚ್ಚಿ ಎರೆದು ಎರೆದು ಕೈ ಎಳೆದರು. ನರದ ಡಾಕ್ಟರ್ ಇದ್ದಾರೆ ಅಂತ ಗೊತ್ತಾಗಿ ಬೆಂಗಳೂರಿಗೆ ಹೋದಾಗ ಕೂಸಿಗೆ ಹದಿನಾಲ್ಕು ತಿಂಗಳು. ಅವರು ಫೈಲ್ ನೋಡಿ "ಐದಾರು ತಿಂಗಳಿಗೇ ಬರಬೇಕಿತ್ತು" ಅಂದರು. ಫೈಲ್‌ನಲ್ಲಿ ಇದ್ದದ್ದು ಒಂದೇ ಹಾಳೆ. ಅದರಲ್ಲಿ ನಾರ್ಮಲ್ ಅಂತ ಇತ್ತು.

ಕೈ ಹಿಡಿದು ಎಳೆದರು ಅನ್ನುವುದಕ್ಕಿಂತ ಆ ಒಂದು ಸುಳ್ಳು ಹಾಳೆ ಮೇಲೆ ನನಗೆ ಜಾಸ್ತಿ ಸಿಟ್ಟು.

ಕೋಟೆನಾಡಿನವ:
ನಾನು ಹೇಳಿದ್ದು ಇದನ್ನೇ. ಕೇಸ್ ಹಾಕಬೇಕು ಇಂಥವರ ಮೇಲೆ.

ಹೆರಿಗೆ_ಡಾಕ್ಟರಮ್ಮ:
@ಎಡಗೈ_ಅಪ್ಪ, ಸರ್, ನಿಮ್ಮ ಸಿಟ್ಟು ನ್ಯಾಯವಾದದ್ದು. ನಾನು ವಾದ ಮಾಡಲ್ಲ.

ಕೇಸ್ ಅಂದರಲ್ಲ, ಬ್ರಿಟನ್‌ನಲ್ಲಿ ದೊಡ್ಡ ಕೇಸೇ ಆಗಿದೆ. ನಾಡಿನ್ ಮಾಂಟ್ಗೊಮರಿ ಅನ್ನುವ ತಾಯಿ. ಗಿಡ್ಡ ಮೈಕಟ್ಟು, ಸಕ್ಕರೆ ಕಾಯಿಲೆ ಇತ್ತು. ಅಂಥವರಿಗೆ ಭುಜ ಸಿಕ್ಕಿಕೊಳ್ಳುವ ಸಂಭವ ಶೇಕಡಾ 9ರಿಂದ 10. ಅದನ್ನು ಅವರಿಗೆ ಹೇಳಿರಲಿಲ್ಲ. 1999ರಲ್ಲಿ ಹುಟ್ಟಿದ ಮಗುವಿಗೆ ಮಿದುಳಿಗೂ ಕೈಗೂ ಪೆಟ್ಟಾಯಿತು. 2015ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತಾಯಿಯ ಪರ ತೀರ್ಪು ಕೊಟ್ಟಿತು. ಅಪಾಯ ಸಣ್ಣದು, ಹೇಳಿದರೆ ಹೆದರುತ್ತಾರೆ ಅಂತ ಡಾಕ್ಟರೇ ತೀರ್ಮಾನ ಮಾಡುವಂತಿಲ್ಲ, ತಾಯಿಗೆ ಹೇಳಲೇಬೇಕು ಅಂತ. ನೋಡಿ, ಅಲ್ಲಿ ಕೋರ್ಟ್ ಹಿಡಿದದ್ದು ಹೇಳದೇ ಇದ್ದದ್ದನ್ನು.

@ರಾತ್ರಿಪಾಳಿ_ಅಕ್ಕ, ನಿಮ್ಮ ಮೊದಲ ಪ್ರಶ್ನೆಗೆ ನೇರವಾಗಿ ಉತ್ತರ: ಇರಬಹುದು. ಕೆಳಕ್ಕೆ ಬಗ್ಗಿಸಿ ಎಳೆದರೆ ಕತ್ತಿನಿಂದ ಭುಜಕ್ಕೆ ಹೋಗುವ ನರಗಳು ಹಿಗ್ಗುತ್ತವೆ. ಯಾರೂ ಎಳೆಯದೇ ಇದ್ದರೂ, ಗರ್ಭಕೋಶದ ಒತ್ತಡಕ್ಕೇ ನರಕ್ಕೆ ಪೆಟ್ಟಾದ ಕೇಸುಗಳೂ ಇವೆ. ನಿಮ್ಮ ಕೇಸಲ್ಲಿ ಯಾವುದು ಅಂತ ಯಾರೂ ಪ್ರಮಾಣ ಮಾಡಿ ಹೇಳಲಾರರು. ಹಿಡಿದರೆ ತಲೆಯನ್ನು ಬೆನ್ನೆಲುಬಿನ ನೇರಕ್ಕೇ ಹಿಡಿಯಬೇಕು, ಮಾಮೂಲಿ ಹೆರಿಗೆಗಿಂತ ಒಂದು ಚೂರೂ ಹೆಚ್ಚು ಬಲ ಹಾಕಬಾರದು, ಜಗ್ಗಬಾರದು.

ಬೆಣ್ಣೆದೋಸೆ_ಬಸಣ್ಣ:
ನನ್ನ ತಂಗಿಗೆ ಈಗ ಏಳು ತಿಂಗಳು. ಸೀಮಂತ ಆಯ್ತು. ತವರಿಗೆ ಬಂದಿದ್ದಾಳೆ. ನಮ್ಮವ್ವ ದಿನಕ್ಕೆ ಎರಡು ಸಲ ತುಪ್ಪದ ಹೋಳಿಗೆ, ಸಂಜೆ ಬೆಣ್ಣೆ ದೋಸೆ. "ಕೂಸು ದುಂಡಗೆ ಆಗಬೇಕು" ಅಂತ. ಈಗ ನನಗೆ ಭಯ ಆಗ್ತಿದೆ.

ದುರ್ಗದ_ಸೊಸೆ:
ನಮ್ಮ ಮನೆಯಲ್ಲಿ ಉಲ್ಟಾ. ಜಾಸ್ತಿ ತಿಂದರೆ ಮಗು ದಪ್ಪ ಆಗಿ ಹೆರಿಗೆ ಕಷ್ಟ ಅಂತ ಅತ್ತೆ ಅರ್ಧ ರೊಟ್ಟಿ ಕೊಡ್ತಿದ್ರು. ರಕ್ತ 8ಕ್ಕೆ ಇಳೀತು. ಆಮೇಲೆ ಡಾಕ್ಟರ್ ಹತ್ರ ಅವರೇ ಬೈಸಿಕೊಂಡರು.

ಬೆಣ್ಣೆದೋಸೆ_ಬಸಣ್ಣ:
ಹಂಗಾದ್ರೆ ದೋಸೆ ನಿಲ್ಲಿಸ್ಲಾ ಬೇಡ್ವಾ?

ಚಳ್ಳಕೆರೆ_ಆಶಾ:
ದೋಸೆ ಆಮೇಲೆ ಅಣ್ಣಾ. ತಂಗಿಗೆ ಗ್ಲೂಕೋಸ್ ಕುಡಿಸಿ ರಕ್ತ ಪರೀಕ್ಷೆ ಮಾಡಿದ್ದಾರಾ? ತಾಯಿ ಕಾರ್ಡ್ ತೆಗೆದು ನೋಡಿ.

ನಾನು ಹನ್ನೊಂದು ವರ್ಷದಿಂದ ಆಶಾ. 75 ಗ್ರಾಂ ಗ್ಲೂಕೋಸ್ ನೀರಲ್ಲಿ ಕಲಸಿ ಕುಡಿಸಬೇಕು, ಎರಡು ಗಂಟೆ ಆದ ಮೇಲೆ ರಕ್ತ ನೋಡಬೇಕು. 140 ಅಥವಾ ಅದಕ್ಕಿಂತ ಮೇಲೆ ಬಂದರೆ ಬಸುರಿ ಶುಗರ್. ಮೊದಲ ಸಲ ಆಸ್ಪತ್ರೆಗೆ ಬಂದಾಗ ಒಂದು, ಆರು ತಿಂಗಳ ಹೊತ್ತಿಗೆ ಇನ್ನೊಂದು. ಹೇಳೋದು ಸುಲಭ. ಆ ಗ್ಲೂಕೋಸ್ ಎಷ್ಟು ಸಿಹಿ ಅಂದರೆ ಅರ್ಧ ಜನ ವಾಂತಿ ಮಾಡುತ್ತಾರೆ. ಉಳಿದವರು ಎರಡು ಗಂಟೆ ಕೂರಲ್ಲ, "ಹನ್ನೆರಡೂವರೆ ಬಸ್ಸು ತಪ್ಪಿದರೆ ಸಂಜೆವರೆಗೆ ಗತಿ ಇಲ್ಲ" ಅಂತ ಎದ್ದು ಹೋಗುತ್ತಾರೆ. ಕಾರ್ಡ್‌ನಲ್ಲಿ ಆ ಜಾಗ ಖಾಲಿ ಇರುತ್ತೆ.

ಶುಗರ್ ಇರುವ ತಾಯಿಯ ಮಗು ಬರೀ ದಪ್ಪ ಇರಲ್ಲ, ಭುಜ ಮತ್ತು ಎದೆ ತಲೆಗಿಂತ ದಪ್ಪ ಇರುತ್ತೆ ಅಂತ ನಮಗೆ ಟ್ರೈನಿಂಗಲ್ಲಿ ಹೇಳಿದ್ದರು. ಅದಕ್ಕೇ ತಲೆ ಬಂದು ಭುಜ ನಿಲ್ಲೋದು. ಅಕ್ಕಾ, ಆ ತಾಯಿಯ ಕಾರ್ಡ್‌ನಲ್ಲಿ ಎರಡನೇ ಪರೀಕ್ಷೆ ಆಗಿತ್ತಾ?

ರಾತ್ರಿಪಾಳಿ_ಅಕ್ಕ:
ಆಶಾ ಅಕ್ಕಾ, ಈಗ ಮತ್ತೆ ಫೋಟೋ ನೋಡಿದೆ. ಮೊದಲನೆಯದು 118. ಎರಡನೆಯ ಜಾಗ ಖಾಲಿ. ಆ ರಾತ್ರಿ "ಎಲ್ಲ ಸರಿ ಇದೆ" ಅಂದುಕೊಂಡೆ ಅಂತ ಬರೆದೆನಲ್ಲ, ಸರಿ ಇರಲಿಲ್ಲ. ಬರೆದಿರುವುದನ್ನು ನೋಡಿದೆ, ಖಾಲಿ ಇದ್ದದ್ದನ್ನು ನೋಡಲಿಲ್ಲ.

ಹೊಸದುರ್ಗದ_ಮೊಮ್ಮಗ:
ನಮ್ಮಜ್ಜಿ ಸೂಲಗಿತ್ತಿ. ಹಟ್ಟಿಯ ಎಲ್ಲ ಕೂಸುಗಳೂ ಅವಳ ಕೈಮೇಲೆ ಬಿದ್ದವು. ಕೂಸು ಸಿಕ್ಕಿಕೊಂಡರೆ ಅಜ್ಜಿ ಬಸುರಿಯನ್ನು ಮೇಲೆಬ್ಬಿಸಿ, ಅಂಬೆಗಾಲಲ್ಲಿ ಕೂರಿಸುತ್ತಿದ್ದಳಂತೆ, ಕೈ ಮಂಡಿ ನೆಲಕ್ಕೆ ಊರಿ. "ದನ ಮಲಗಿ ಈಯುತ್ತಾ, ಎದ್ದು ಈಯುತ್ತಾ?" ಅಂತ ಕೇಳ್ತಿದ್ದಳು. ಆಗ ನಗುತ್ತಿದ್ದೆವು. ಇದರಲ್ಲಿ ಏನಾದರೂ ಸತ್ಯ ಇದೆಯಾ?

ಕೋಟೆನಾಡಿನವ:
ಹಸುಗಳು ಮಲಗಿಯೂ ಈಯುತ್ತವೆ. ನಮ್ಮ ಮನೆಯಲ್ಲಿ ನಾಲ್ಕಿವೆ.

ಹೆರಿಗೆ_ಡಾಕ್ಟರಮ್ಮ:
ಹಸು ವಿಷಯ ನನಗೆ ಗೊತ್ತಿಲ್ಲ. ಅಂಬೆಗಾಲು ವಿಷಯದಲ್ಲಿ ನಿಮ್ಮಜ್ಜಿ ಪಕ್ಕಾ. ಪುಸ್ತಕದಲ್ಲಿ ಅದಕ್ಕೆ ಗ್ಯಾಸ್ಕಿನ್ ವಿಧಾನ ಅಂತ ಹೆಸರು. ಇನಾ ಮೇ ಗ್ಯಾಸ್ಕಿನ್ ಅನ್ನುವ ಅಮೆರಿಕದ ಸೂಲಗಿತ್ತಿ 1976ರಲ್ಲಿ ಕಲಿತದ್ದು. ಅದರ ಮೂಲ ಗ್ವಾಟೆಮಾಲಾದ ಹಳ್ಳಿ ಸೂಲಗಿತ್ತಿಯರು. ಹೊಸದುರ್ಗದಲ್ಲೂ ಇದ್ದರೆ ನನಗೆ ಆಶ್ಚರ್ಯ ಇಲ್ಲ. ಸಹಾಯಕ್ಕೆ ಜನ ಇಲ್ಲದ ಕಡೆ, ತಾಯಿ ಎದ್ದು ತಿರುಗುವ ಸ್ಥಿತಿಯಲ್ಲಿದ್ದರೆ, ತುಂಬಾ ಒಳ್ಳೆಯ ಉಪಾಯ. ತಿರುಗುವಾಗಲೇ ಎಷ್ಟೋ ಸಲ ಭುಜ ಜಾರಿ ಬಿಡುತ್ತದೆ.

ನಿವೃತ್ತ_ಸಿಸ್ಟರ್:
ಪಾವಗಡದ ಸೂಲಗಿತ್ತಿ ನರಸಮ್ಮನವರು ನೆನಪಾದರು. ಕೃಷ್ಣಾಪುರದವರು. ದುರ್ಗಕ್ಕೆ ಪಕ್ಕದ ಸೀಮೆ. 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದ್ದರಂತೆ. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್‌ನಲ್ಲಿ ಹೋದರು. ಅಂಥವರ ಕೈಯಲ್ಲಿ ಏನೇನು ವಿದ್ಯೆ ಇತ್ತೋ.

ಎಡಗೈ_ಅಪ್ಪ:
ಸೂಲಗಿತ್ತಿಯರ ಕೈಯಲ್ಲಿ ಸತ್ತ ಕೂಸುಗಳ ಲೆಕ್ಕ ಯಾರೂ ಬರೆದಿಟ್ಟಿಲ್ಲ. ಅದೂ ನೆನಪಿರಲಿ.

ಹೊಸದುರ್ಗದ_ಮೊಮ್ಮಗ:
ಒಪ್ತೀನಿ ಸರ್. ನಮ್ಮಜ್ಜಿಯ ಸ್ವಂತ ಎರಡು ಮಕ್ಕಳು ಹೆರಿಗೆಯಲ್ಲೇ ಹೋಗಿದ್ದವು.

ರಾತ್ರಿಪಾಳಿ_ಅಕ್ಕ:
ಎರಡನೇ ಪ್ರಶ್ನೆ ಹಾಗೇ ಉಳೀತು. ಇಬ್ಬರೇ ಇದ್ದೀವಿ ಅಂತಿಟ್ಟುಕೊಳ್ಳಿ. ಹೇಗೆ?

ನಿವೃತ್ತ_ಸಿಸ್ಟರ್:
ಕೇಳು. ಮೊದಲು ಬಾಯಿ ಬಿಟ್ಟು ಜೋರಾಗಿ ಹೇಳು, "ಭುಜ ಸಿಕ್ಕಿಕೊಂಡಿದೆ" ಅಂತ. ಮನಸ್ಸಲ್ಲಿ ಇಟ್ಟುಕೊಂಡರೆ ಆಯಾಗೆ ಹೇಗೆ ಗೊತ್ತಾಗುತ್ತೆ? ಡಾಕ್ಟರಿಗೆ ಫೋನ್ ಮಾಡಲು ಯಾರನ್ನಾದರೂ ಓಡಿಸು, ವಾಚ್‌ಮನ್ ಆದರೂ ಸರಿ, ಬಾಗಿಲಲ್ಲಿರೋ ಅತ್ತೆ ಆದರೂ ಸರಿ. ಗಡಿಯಾರ ನೋಡು. ತಾಯಿಗೆ ಮುಕ್ಕುವುದನ್ನು ನಿಲ್ಲಿಸಲು ಹೇಳು. ದಿಂಬು ತೆಗೆದು ಚಪ್ಪಟೆ ಮಲಗಿಸು, ಸೊಂಟ ಮಂಚದ ಅಂಚಿಗೆ ಬರಲಿ.

ಕಾಲು ಮಡಚುವುದು: ತೊಡೆ ಹೊಟ್ಟೆಗೆ ತಾಗಬೇಕು, ಮಂಡಿ ಕಂಕುಳ ಕಡೆಗೆ. ಬರೀ ಅಗಲಿಸಿದರೆ ಪ್ರಯೋಜನ ಇಲ್ಲ. ಇಬ್ಬರೇ ಇದ್ದರೆ ಒಂದು ಕಾಲು ಆಯಾ, ಇನ್ನೊಂದು ತಾಯಿಯೇ ಎರಡೂ ಕೈಯಲ್ಲಿ ಹಿಡಿದುಕೊಳ್ಳಲಿ. ಇಲ್ಲ, ಅತ್ತೆಯನ್ನು ಒಳಗೆ ಕರೆ. ಕೂಗುವ ಬಾಯಿಗೆ ಕೆಲಸ ಕೊಟ್ಟರೆ ಸುಮ್ಮನಾಗುತ್ತೆ, ನೋಡಿದ್ದೀನಿ.

ಅಷ್ಟಕ್ಕೂ ಬರದಿದ್ದರೆ ಒತ್ತಬೇಕು. ಹೊಟ್ಟೆ ಮೇಲಲ್ಲ! ಮುಂದಿನ ಮೂಳೆಯ ಅಂಚಿಗಿಂತ ಒಂಚೂರು ಮೇಲೆ, ಮಗುವಿನ ಬೆನ್ನು ಯಾವ ಕಡೆ ಇದೆಯೋ ಆ ಕಡೆ ನಿಂತು, ಅಂಗೈ ಬುಡದಿಂದ, ಕೆಳಕ್ಕೆ ಮತ್ತು ಆಚೆಗೆ. ಹೃದಯ ನಿಂತವರ ಎದೆ ಒತ್ತುತ್ತಾರಲ್ಲ, ಹಾಗೆ ಕೈ ಮೇಲೆ ಕೈ ಇಟ್ಟು. ಅಗಲವಾಗಿರುವ ಭುಜ ಮಡಚಿಕೊಂಡು ಓರೆಯಾಗಿ ಜಾರುತ್ತೆ.

ಇದಿಷ್ಟರಲ್ಲೇ ಜಾಸ್ತಿ ಜನರದ್ದು ಆಗಿಬಿಡುತ್ತೆ.

ಹೆರಿಗೆ_ಡಾಕ್ಟರಮ್ಮ:
ಸರಿಯಾಗಿ ಹೇಳಿದಿರಿ ಅಮ್ಮಾ. ಕಾಲು ಮಡಚುವುದಕ್ಕೆ ಮೆಕ್‌ರಾಬರ್ಟ್ಸ್ ಅಂತ ಹೆಸರು, ಟೆಕ್ಸಾಸ್‌ನ ಡಾಕ್ಟರ್ ಒಬ್ಬರದ್ದು. ಸೊಂಟದ ಮೂಳೆ ಅದರಿಂದ ಅಗಲ ಆಗಲ್ಲ, ತಿರುಗುತ್ತದೆ. ಬೆನ್ನಿನ ಬಾಗು ನೇರವಾಗಿ, ಮುಂದಿನ ಮೂಳೆ ಭುಜದ ಮೇಲಿನಿಂದ ಎದ್ದು ಹೋಗುತ್ತದೆ. ಕೆಲವು ಕಡೆ ಶೇಕಡಾ 90ರಷ್ಟು ಕೇಸು ಇದೊಂದರಲ್ಲೇ ಮುಗಿದದ್ದು ವರದಿ ಆಗಿದೆ.

ಬರದಿದ್ದರೆ ಒಳಗೆ ಕೈ. ಇದಕ್ಕೆ ಎಲ್ಲರೂ ಹೆದರುತ್ತಾರೆ. ಎರಡು ಬೆರಳು ಹಾಕಿ ತಡಕಾಡುವುದು ಹೊಸಬರ ತಪ್ಪು. ಪೂರ್ತಿ ಕೈ ಹೋಗಬೇಕು, ಅದೂ ಹಿಂಭಾಗದಿಂದ, ಬೆನ್ನಿನ ಗುಳಿ ಕಡೆಯಿಂದ. ಜಾಗ ಇರುವುದು ಅಲ್ಲೇ. ಬಳೆಗಾರ ಬಿಗಿ ಬಳೆ ತೊಡಿಸುವಾಗ ಕೈ ಹೇಗೆ ಹಿಡಿಯುತ್ತಾನೆ? ಹೆಬ್ಬೆರಳು ಅಂಗೈಯೊಳಗೆ ಮಡಚಿ, ಐದೂ ಬೆರಳು ಕೂಡಿಸಿ, ಕೈ ಸಣ್ಣ ಮಾಡಿ. ಹಾಗೇ. ಒಳಗೆ ಹೋದ ಮೇಲೆ ಮಗುವಿನ ಹಿಂದಿನ ಕೈಯ ಮಣಿಕಟ್ಟು ಸಿಕ್ಕರೆ ಅದನ್ನು ಎದೆ ಮೇಲಿಂದ ಸವರಿಕೊಂಡು ಹೊರಗೆ ತನ್ನಿ. ಸಿಗದಿದ್ದರೆ ಭುಜವನ್ನು ಒತ್ತಿ ಓರೆಗೆ ತಿರುಗಿಸಿ, ತಿರುಪು ಬಿಚ್ಚಿದ ಹಾಗೆ. ವುಡ್ಸ್ ಅನ್ನುವವರು 1943ರಲ್ಲೇ ಇದನ್ನು ತಿರುಪು ಅಂತಲೇ ಕರೆದರು. ಯಾವುದು ಮೊದಲು ಅಂತ ನಮ್ಮಲ್ಲೇ ಜಗಳ ಇದೆ. ನಾನು ಹಿಂದಿನ ಕೈಗೇ ಹೋಗುತ್ತೇನೆ.

ಇನ್ನೆರಡು ಮಾತು. ಕತ್ತಿಗೆ ಹೊಕ್ಕಳಬಳ್ಳಿ ಸುತ್ತಿದ್ದರೆ ಭುಜ ಬರುವ ಮೊದಲು ಕತ್ತರಿಸಬೇಡಿ, ಮಗುವಿಗೆ ಸಿಕ್ಕಷ್ಟು ರಕ್ತ ಹೋಗುತ್ತಿರಲಿ. ಮಗು ಬಂದ ಮೇಲೆ ತಾಯಿಯ ರಕ್ತಸ್ರಾವ ಕಾಯಿರಿ. ಎಲ್ಲರೂ ಮಗುವಿನ ಕಡೆ ಓಡುತ್ತಾರೆ, ಆ ಕಡೆ ತಾಯಿ ಸೋರುತ್ತಿರುತ್ತಾಳೆ. ಗರ್ಭಕೋಶ ಬಿಗಿ ಮಾಡಿ ರಕ್ತ ತಡೆಯುವ ಇಂಜೆಕ್ಷನ್, 10 ಯೂನಿಟ್ ಆಕ್ಸಿಟೋಸಿನ್, ಮೊದಲೇ ತುಂಬಿ ಇಟ್ಟಿರಬೇಕು.

ಕೋಟೆನಾಡಿನವ:
ಇಷ್ಟೆಲ್ಲ ಐದು ನಿಮಿಷದಲ್ಲಿ ನೆನಪಿರುತ್ತಾ ಡಾಕ್ಟ್ರೇ? ನನಗೆ ಗ್ಯಾಸ್ ಸಿಲಿಂಡರ್ ಬದಲಿಸೋದೇ ಪ್ರತಿ ಸಲ ಮರೆಯುತ್ತೆ. (ವ್ಯಂಗ್ಯ ಅಲ್ಲ, ನಿಜವಾಗಿ ಕೇಳ್ತಿದ್ದೀನಿ.)

ಹೆರಿಗೆ_ಡಾಕ್ಟರಮ್ಮ:
ಇರಲ್ಲ. ಅದಕ್ಕೇ ಅಭ್ಯಾಸ ಮಾಡಬೇಕು, ಬೊಂಬೆ ಇಟ್ಟುಕೊಂಡು. ಇಂಗ್ಲೆಂಡಿನ ಬ್ರಿಸ್ಟಲ್‌ನ ಸೌತ್‌ಮೀಡ್ ಆಸ್ಪತ್ರೆಯಲ್ಲಿ ಡಾಕ್ಟರ್, ನರ್ಸ್ ಎಲ್ಲರಿಗೂ ಪ್ರತಿವರ್ಷ ಇದನ್ನು ಮಾಡಿಸಲು ಶುರು ಮಾಡಿದರು. 2008ರಲ್ಲಿ ಲೆಕ್ಕ ಪ್ರಕಟವಾಯಿತು. ಭುಜ ಸಿಕ್ಕಿಕೊಂಡ ಹೆರಿಗೆಗಳಲ್ಲಿ ಮಗುವಿಗೆ ಪೆಟ್ಟಾಗುತ್ತಿದ್ದದ್ದು ಶೇಕಡಾ 9.3 ಇತ್ತು, 2.3ಕ್ಕೆ ಇಳಿಯಿತು. ಅದೇ ಕೋಣೆ, ಅದೇ ಮಂಚ. ಹೊಸ ಮಷೀನ್ ಏನೂ ತಂದಿರಲಿಲ್ಲ.

ಕೋಟೆನಾಡಿನವ:
ಸರಿ, ಮೊದಲು ಬರೆದದ್ದು ಸ್ವಲ್ಪ ಜಾಸ್ತಿ ಆಯ್ತು ನನ್ನದು.

ಫಿಸಿಯೋ_ದಾವಣಗೆರೆ:
ತಡವಾಗಿ ನೋಡಿದೆ. ಕೈ ಬಗ್ಗೆ ಹೇಳುತ್ತೇನೆ. ಇದಕ್ಕೆ ಅರ್ಬ್ಸ್ ಪಾಲ್ಸಿ ಅನ್ನುತ್ತಾರೆ. ಜರ್ಮನಿಯ ವಿಲ್‌ಹೆಲ್ಮ್ ಅರ್ಬ್ 1874ರಲ್ಲಿ ವಿವರಿಸಿದ್ದು. ಕೈ ಪಕ್ಕಕ್ಕೆ ಜೋತು ಬಿದ್ದು, ಒಳಕ್ಕೆ ತಿರುಗಿ, ಮಣಿಕಟ್ಟು ಹಿಂದಕ್ಕೆ ಮಡಚಿರುತ್ತೆ, ಯಾರೋ ಬೆನ್ನ ಹಿಂದೆ ಕೈ ಚಾಚಿ ದುಡ್ಡು ಇಸಿದುಕೊಳ್ಳುವ ಹಾಗೆ. ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ಶಾಶ್ವತವಾಗಿ ಉಳಿಯುವುದಿಲ್ಲ. ಆ ಒಂದು ಮಗು ಯಾವುದು ಅಂತ ಬೇಗ ಪತ್ತೆ ಮಾಡುವುದೇ ನಮ್ಮ ಕೆಲಸ. ಕತ್ತಿನ ಪಕ್ಕದ ಕಾಲರ್ ಮೂಳೆ ಮುರಿದಿದೆಯಾ ಅಂತಲೂ ನೋಡಿಸಿ. ಅದಾದರೆ ತಾನಾಗೇ ಕೂಡುತ್ತೆ, ಭಯ ಇಲ್ಲ.

ಮನೆಯವರಿಗೆ ಹೇಳಬೇಕಾದ್ದು: ಮೊದಲ ವಾರ ಹತ್ತು ದಿನ ಆ ಕೈಗೆ ವಿಶ್ರಾಂತಿ. ಆಮೇಲೆ ನಾವು ತೋರಿಸಿಕೊಟ್ಟ ಹಾಗೆ ಮಾತ್ರ ಮೆಲ್ಲಗೆ ಆಡಿಸಬೇಕು. ಅಂಗಿ ಹಾಕುವಾಗ ನೋವಿನ ಕೈ ಮೊದಲು, ತೆಗೆಯುವಾಗ ಕೊನೆಗೆ. ಕಂಕುಳಲ್ಲಿ ಕೈ ಹಾಕಿ ಎತ್ತಬಾರದು.

ಇನ್ನು ಎರೆಯುವುದು. ದಯವಿಟ್ಟು ಅಜ್ಜಿಯರೇ ಕೇಳಿ. ಕಾಲ ಮೇಲೆ ಮಲಗಿಸಿಕೊಂಡು ಎರಡೂ ಕೈ ಎದೆ ಮೇಲೆ ಅಡ್ಡ ಎಳೆದು, ಬಲಗೈಗೆ ಎಡಗಾಲು ತಾಗಿಸಿ, ಕಾಲು ಹಿಡಿದು ತಲೆಕೆಳಗೆ ಜೋಲಿ ಹೊಡೆಸುತ್ತೀರಲ್ಲ, ಈ ಕೂಸಿಗೆ ಅದು ಬೇಡವೇ ಬೇಡ. ಬಿಸಿನೀರು ಹಾಕಿ, ಎಣ್ಣೆ ಸವರಿ, ಅಷ್ಟೇ.

ಮೂರು ತಿಂಗಳಿಗೆ ಮೊಣಕೈ ತಾನಾಗಿ ಮಡಚದಿದ್ದರೆ ನರದ ಸರ್ಜನ್ ಹತ್ತಿರ ಕಳಿಸಲೇಬೇಕು. "ವರ್ಷ ಆಗಲಿ ನೋಡೋಣ" ಅನ್ನುವವರ ಮಾತು ಕೇಳಬೇಡಿ.

ಎಡಗೈ_ಅಪ್ಪ:
ಈ ಹತ್ತು ಸಾಲು ನನಗೆ ಆರು ವರ್ಷದ ಹಿಂದೆ ಬೇಕಿತ್ತು.

ನರ್ಸಮ್ಮಾ, ನಿಮ್ಮ ಮೂರನೇ ಪ್ರಶ್ನೆಗೆ ನಾನು ಉತ್ತರ ಕೊಡ್ತೀನಿ. ಆ ಮನೆಗೆ ಹೋಗಿ. ಏನಾಯಿತು ಅಂತ ಇದ್ದದ್ದು ಇದ್ದ ಹಾಗೆ ಹೇಳಿ. ಬೈಯುತ್ತಾರೆ, ಬೈಸಿಕೊಳ್ಳಿ. ಆಮೇಲೆ ಕೇಸ್‌ಶೀಟ್‌ನಲ್ಲಿ ಬರೆಯಿರಿ, ಭುಜ ಸಿಕ್ಕಿತ್ತು ಅಂತ, ಯಾವ ಕಡೆ ಭುಜ ಅಂತ, ಏನೇನು ಮಾಡಿದಿರಿ ಅಂತ. ಅವರ ಚೀಟಿಯಲ್ಲೂ ಬರೆಸಿ. ನನ್ನ ಹೆಂಡತಿ ಎರಡನೇ ಮಗು ಬೇಡ ಅಂತ ಕೂತಿದ್ದಾಳೆ, ಯಾಕೆ ಅಂದರೆ ಮೊದಲನೇ ಸಲ ಏನಾಯಿತು ಅಂತ ಅವಳಿಗೆ ಇವತ್ತಿಗೂ ಗೊತ್ತಿಲ್ಲ.

ಹೆರಿಗೆ_ಡಾಕ್ಟರಮ್ಮ:
ಇದಕ್ಕೆ ಒಂದು ಸೇರಿಸುತ್ತೇನೆ. ಒಮ್ಮೆ ಹೀಗಾದವರಿಗೆ ಮತ್ತೆ ಆಗುವ ಸಂಭವ ಬೇರೆಯವರಿಗಿಂತ ಸುಮಾರು ಹತ್ತು ಪಟ್ಟು ಜಾಸ್ತಿ. ಹಾಗಂತ ಮತ್ತೆ ಆಗೇ ಆಗುತ್ತೆ ಅಂತಲ್ಲ, ಬಹಳ ಜನಕ್ಕೆ ಆಗಲ್ಲ. ಆದರೆ ಚೀಟಿಯಲ್ಲಿ ಇಲ್ಲದಿದ್ದರೆ ಮುಂದಿನ ಡಾಕ್ಟರ್ ಏನು ನೋಡಿ ತೀರ್ಮಾನ ಮಾಡಬೇಕು? @ಎಡಗೈ_ಅಪ್ಪ, ನಿಮ್ಮ ಮನೆಯವರನ್ನು ಒಂದು ಸಲ ಯಾವುದಾದರೂ ಪ್ರಸೂತಿ ಡಾಕ್ಟರ್ ಹತ್ತಿರ ಕೂರಿಸಿ ಮಾತಾಡಿಸಿ. ಮಗು ಬೇಕು ಅಂತಲ್ಲ. ಏನಾಯಿತು ಅಂತ ತಿಳಿಯಲಿಕ್ಕೆ.

ಬೆಣ್ಣೆದೋಸೆ_ಬಸಣ್ಣ:
ಅಪ್‌ಡೇಟ್: ತಂಗಿಗೆ ಗ್ಲೂಕೋಸ್ ಪರೀಕ್ಷೆ ಆಯ್ತು. 156 ಬಂತು. ಡಯಟ್ ಚೀಟಿ ಕೊಟ್ಟಿದ್ದಾರೆ, ಊಟ ಆದ ಮೇಲೆ ನಡೀಬೇಕಂತೆ, ಎರಡು ವಾರಕ್ಕೆ ಮತ್ತೆ ರಕ್ತ. ನಮ್ಮವ್ವ ಹೋಳಿಗೆ ಡಬ್ಬಿ ಅಟ್ಟದ ಮೇಲೆ ಇಟ್ಟಳು. ನಾನು ಇಳಿಸಿ ತಿಂತಿದ್ದೀನಿ.

ಚಳ್ಳಕೆರೆ_ಆಶಾ:
ಬಂಗಾರದಂಥ ಕೆಲಸ ಮಾಡಿದ್ರಿ ಅಣ್ಣಾ. ನೀವೂ ಒಮ್ಮೆ ಶುಗರ್ ನೋಡಿಸಿಕೊಳ್ಳಿ.

ರಾತ್ರಿಪಾಳಿ_ಅಕ್ಕ:
ಮೂರು ವಾರ ಆಯಿತು, ಬರೆಯಲು ಆಗಿರಲಿಲ್ಲ.

ಆ ಮನೆಗೆ ಹೋದೆ. ಡಾಕ್ಟರೂ ಬಂದಿದ್ದರು. ಹೇಳಿದೆ, ನಾನು ಎಳೆದೆ ಅಂತಲೂ, ಮೇಲಿನಿಂದ ಒತ್ತಿದ್ದು ತಪ್ಪು ಅಂತಲೂ. ಗಂಡ ಎದ್ದು ಹೊರಗೆ ಹೋದ. ಅತ್ತೆ ಏನೂ ಮಾತಾಡಲಿಲ್ಲ, ಬಹಳ ಹೊತ್ತಾದ ಮೇಲೆ ಟೀ ತಂದು ಇಟ್ಟರು. ತಾಯಿ ಒಂದೇ ಕೇಳಿದ್ದು: "ನಾನು ಸರಿಯಾಗಿ ಮುಕ್ಕಲಿಲ್ಲ, ಅದಕ್ಕೇ ಹಿಂಗಾಯ್ತು ಅಂತ ಎಲ್ಲರೂ ಅಂತಿದ್ರು. ಹಂಗಲ್ವಾ ಅಕ್ಕಾ?" ಅಲ್ಲ ಅಂದೆ. ಮೂರು ಸಲ ಅಂದೆ.

ಕೂಸು ಮೊಣಕೈ ಸ್ವಲ್ಪ ಮಡಚುತ್ತಿದೆ. ಬೆರಳು ಗಟ್ಟಿ ಹಿಡಿಯುತ್ತೆ. ಫಿಸಿಯೋ ಅಣ್ಣ ಹೇಳಿದ್ದನ್ನೆಲ್ಲ ಒಂದು ಹಾಳೆಯಲ್ಲಿ ದೊಡ್ಡಕ್ಷರದಲ್ಲಿ ಬರೆದು ಬಚ್ಚಲಮನೆ ಬಾಗಿಲಿಗೆ ಅಂಟಿಸಿ ಬಂದೆ. ಕೇಸ್‌ಶೀಟ್‌ನಲ್ಲಿ ನೆನಪಿದ್ದಷ್ಟನ್ನೂ ಬರೆದೆ, ತಡವಾಗಿ ಬರೆದದ್ದು ಅಂತ ಅವತ್ತಿನ ತಾರೀಖು ಹಾಕಿ. ನಿಮಿಷದ ಜಾಗದಲ್ಲಿ "ಗೊತ್ತಿಲ್ಲ" ಅಂತ ಬರೆದೆ.

ಶನಿವಾರ ಮಧ್ಯಾಹ್ನ ನಾನು, ಆಯಾ, ಇನ್ನಿಬ್ಬರು ಸಿಸ್ಟರ್ ಸೇರಿ ಅಭ್ಯಾಸ ಮಾಡಿದೆವು. ಬೊಂಬೆ ಇಲ್ಲ. ಒಬ್ಬರು ಮಂಚದ ಮೇಲೆ ಮಲಗಿದರು, ನನ್ನ ತಮ್ಮನ ಮಗಳ ಪ್ಲಾಸ್ಟಿಕ್ ಗೊಂಬೆ ಮಗು. ಆಯಾ ಮೂಳೆ ಮೇಲೆ ಒತ್ತುವುದನ್ನು ನಮಗಿಂತ ಚೆನ್ನಾಗಿ ಕಲಿತಳು, "ಇಷ್ಟು ವರ್ಷ ಯಾರೂ ಹೇಳ್ಲಿಲ್ಲವ್ವಾ" ಅಂದಳು. ಬಳೆ ತೊಡುವ ಹಾಗೆ ಕೈ ಮಾಡಿ ತೋರಿಸಿದಾಗ ಎಲ್ಲರೂ ತಮ್ಮ ತಮ್ಮ ಕೈ ನೋಡಿಕೊಂಡರು.

ಗಡಿಯಾರಕ್ಕೆ ಸೆಲ್ ಹಾಕಿದೆ. ದಿನಕ್ಕೆ ನಾಲ್ಕು ನಿಮಿಷ ಮುಂದೆ ಓಡುತ್ತಿದೆ. ಯಾರಾದರೂ ಮಂಡಿಪೇಟೆ ಕಡೆ ಒಳ್ಳೆ ಗಡಿಯಾರದ ಅಂಗಡಿ ಗೊತ್ತಿದ್ದರೆ ಹೇಳಿ. ಸೆಕೆಂಡ್ ಮುಳ್ಳು ಇರಬೇಕು.

ಎಡಗೈ_ಅಪ್ಪ:
ಅಂಗಡಿ ಬೇಡ. ನಮ್ಮನೆಯಲ್ಲಿ ಒಂದು ಹೊಸದು ಡಬ್ಬದಲ್ಲೇ ಇದೆ, ಗೃಹಪ್ರವೇಶಕ್ಕೆ ಬಂದದ್ದು. ಸೆಕೆಂಡ್ ಮುಳ್ಳು ಇದೆ. ಮುಂದಿನ ವಾರ ಮಗಳನ್ನು ಕರೆದುಕೊಂಡು ದಾವಣಗೆರೆಗೆ ಬರ್ತೀನಿ, ಎಲ್ಲಿಗೆ ತರಲಿ ಅಂತ ಮೆಸೇಜ್ ಮಾಡಿ.